ಮೊದಲು ಕೂರುವ ಜಾಗ, ಆಮೇಲೆ ಹೆಡ್‌ಫೋನ್, ಕೊನೆಗೆ ಆಂಪ್

ಹೋದ ತಿಂಗಳು ಮೂವರು ನನ್ನನ್ನು ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದರು.

ಮೊದಲನೆಯವನು ಚಿತ್ರದುರ್ಗದ ಹುಡುಗ. ಹೊಸದಾಗಿ ಕೆಲಸಕ್ಕೆ ಸೇರಿದ್ದಾನೆ, 50,000 ರೂಪಾಯಿ ಕೂಡಿಟ್ಟಿದ್ದಾನೆ. "ಅಣ್ಣ, ಸೆನ್‌ಹೈಸರ್ ಎಚ್‌ಡಿ 650 ತಗೊಳ್ಲಾ, ಹೈಫೈಮ್ಯಾನ್ ಸುಂದರಾ ತಗೊಳ್ಲಾ? ಫೋನಿಗೆ ಹಾಕಿದ್ರೆ ನಡೆಯುತ್ತಾ, ಇಲ್ಲಾ ಪ್ಲೇಯರ್ ಬೇಕೇ ಬೇಕಾ?" ಎರಡನೆಯವರು ದಾವಣಗೆರೆ ಎಂಸಿಸಿ ಬಿ ಬ್ಲಾಕಿನ ನಿವೃತ್ತ ಮೇಷ್ಟ್ರು. ರಾತ್ರಿ ಊಟ ಮುಗಿಸಿ ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಕೇಳದೆ ಮಲಗುವವರಲ್ಲ. ಹೊರದೇಶದಲ್ಲಿರುವ ಮಗ ದೊಡ್ಡ ಹೆಡ್‌ಫೋನ್ ತಂದುಕೊಡುತ್ತೇನೆ ಅಂದಿದ್ದಾನೆ. ಮೂರನೆಯವರು ಮಂಡಿಪೇಟೆಯಲ್ಲಿ ಸಗಟು ವ್ಯಾಪಾರ ಮಾಡುವ ಸಾಹುಕಾರರು. ವಾರಕ್ಕೊಮ್ಮೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಾರೆ. ಒಂದೂವರೆ ಲಕ್ಷ ಎತ್ತಿಟ್ಟಿದ್ದಾರೆ. ಯಾವ ಪ್ಲೇಯರ್ ತಗೊಳ್ಳಲಿ ಅನ್ನುವುದು ಅವರ ಪ್ರಶ್ನೆ.

ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಆದರೆ ಉತ್ತರಕ್ಕೆ ಹೋದ ದಾರಿ ಒಂದೇ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಇದರಲ್ಲಿ ನಿಮ್ಮ ಲೆಕ್ಕ ಯಾವುದು ಅಂತ ನೀವೇ ನೋಡಿಕೊಳ್ಳಬಹುದು.

ಎಲ್ಲಿ ಕೂತು ಕೇಳುತ್ತೀರಿ?

ಇದು ಮೊದಲ ಅಳತೆ. ಬಹಳ ಜನ ಇದನ್ನು ಕೇಳಿಕೊಳ್ಳುವುದೇ ಇಲ್ಲ.

ದೊಡ್ಡ ಹೆಡ್‌ಫೋನ್‌ಗಳಲ್ಲಿ ಎರಡು ಜಾತಿ. ಒಂದರ ಬೆನ್ನು ತೆರೆದಿರುತ್ತದೆ, ಜಾಲರಿ ಇರುತ್ತದೆ. ಇವನ್ನು ಓಪನ್ ಬ್ಯಾಕ್ ಅನ್ನುತ್ತಾರೆ. ಇನ್ನೊಂದರ ಬೆನ್ನು ಮುಚ್ಚಿರುತ್ತದೆ. ತೆರೆದದ್ದರಲ್ಲಿ ಹಾಡು ತಲೆಯೊಳಗೆ ಒತ್ತಿಕೊಂಡಂತೆ ಕೇಳುವುದಿಲ್ಲ, ಗಾಳಿಯಾಡಿದಂತೆ ಹಗುರ. ಆದರೆ ಹೊರಗಿನ ಸದ್ದು ಪೂರ್ತಿ ಒಳಗೆ ಬರುತ್ತದೆ, ನಿಮ್ಮ ಹಾಡು ಪಕ್ಕದವರಿಗೆ ಕೇಳಿಸುತ್ತದೆ. ಮುಚ್ಚಿದ್ದರಲ್ಲಿ ಇದು ತಲೆಕೆಳಗು. ಸದ್ದು ತಡೆಯುತ್ತದೆ, ಆದರೆ ಕಿವಿ ಬೇಯುತ್ತದೆ.

ನಮ್ಮ ಕಡೆ ಮಾರ್ಚ್ ಬಂತೆಂದರೆ ಫ್ಯಾನ್ ಇಲ್ಲದೆ ಕೂರಲು ಆಗಲ್ಲ. ಯುರೋಪಿನಲ್ಲೋ ಜಪಾನಿನಲ್ಲೋ ಕೂತು ಹೆಡ್‌ಫೋನ್ ಬಗ್ಗೆ ಬರೆಯುವವರ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿರುವುದಿಲ್ಲ. ಮೇಷ್ಟ್ರ ಮನೆಗೆ ನನ್ನ ಹಳೆಯ ಓಪನ್ ಬ್ಯಾಕ್, ಸೆನ್‌ಹೈಸರ್ ಎಚ್‌ಡಿ 600 ತಗೊಂಡು ಹೋಗಿದ್ದೆ. ಅವರ ಹಾಲಿನಲ್ಲಿ ಕೂತು ಮನ್ಸೂರರ ಒಂದು ಹಳೆಯ ಧ್ವನಿಮುದ್ರಣ ಹಾಕಿದೆವು. ಫ್ಯಾನ್ 5ರಲ್ಲಿ ತಿರುಗುತ್ತಿತ್ತು. ಹಾಡು ಸರಿಯಾಗಿ ಕೇಳಿಸುತ್ತಿತ್ತು, ತಂಬೂರಿ ಮಾತ್ರ ಇಲ್ಲವೇ ಇಲ್ಲ. ಮೇಷ್ಟ್ರು ಎದ್ದು ರೆಗ್ಯುಲೇಟರನ್ನು 2ಕ್ಕೆ ಇಳಿಸಿದರು. ತಂತಿ ಮೀಟಿದ ಮೇಲೆ ಉಳಿಯುವ ಆ ಜೀರು ನಿಧಾನವಾಗಿ ಮೇಲೆ ಬಂತು. ಅವರು ಕಣ್ಣು ಮುಚ್ಚಿಕೊಂಡರು. ಬೆವರುತ್ತಿದ್ದರು, ಆದರೆ ಫ್ಯಾನ್ ಮತ್ತೆ ಏರಿಸಲಿಲ್ಲ.

ಓಪನ್ ಬ್ಯಾಕ್ ತಗೊಂಡರೆ ನೀವು ಪ್ರತಿದಿನ ಮಾಡಬೇಕಾದ ಕೊಡುಕೊಳ್ಳುವಿಕೆ ಇದು. ರಾತ್ರಿ ಹತ್ತರ ಮೇಲೆ ಕೇಳುವವರಿಗೆ, ಏಸಿ ಅಥವಾ ಸದ್ದಿಲ್ಲದ ಟೇಬಲ್ ಫ್ಯಾನ್ ದೂರ ಇಟ್ಟುಕೊಳ್ಳುವವರಿಗೆ ಓಪನ್ ಬ್ಯಾಕ್ ಸರಿ. ಪಿ.ಬಿ. ರಸ್ತೆಗೆ ಮುಖ ಮಾಡಿದ ಮನೆ, ಸಂಜೆ ಆರಕ್ಕೇ ಕೂರುವ ಅಭ್ಯಾಸ, ಅಡುಗೆಮನೆಯಲ್ಲಿ ಮಿಕ್ಸಿ, ಪಕ್ಕದಲ್ಲಿ ಓದುವ ಮಕ್ಕಳು, ಹೀಗಿದ್ದರೆ ಲಕ್ಷದ ಓಪನ್ ಬ್ಯಾಕ್ ತಂದರೂ ಅರ್ಧ ದುಡ್ಡು ನೀರಲ್ಲಿ ಹೋದಂತೆ.

ಎರಡನೇ ಅಳತೆ, ಏನು ಕೇಳುತ್ತೀರಿ. ಹಳೆಯ ಹಿಂದೂಸ್ತಾನಿ ಮುದ್ರಣಗಳಲ್ಲಿ ಬಹಳಷ್ಟು ಮೋನೋ. ಎರಡೂ ಕಿವಿಗೆ ಒಂದೇ ಸದ್ದು, ಹಾಡುಗಾರರು ನಟ್ಟನಡುವೆ. ಜೊತೆಗೆ ಟೇಪಿನ ಸುಯ್ ಸದ್ದು. ಇಂಥದ್ದಕ್ಕೆ ನಡು ಸ್ವರ ಚೆನ್ನಾಗಿರುವ, ಮೇಲಿನ ಸ್ವರವನ್ನು ಎತ್ತಿ ತೋರಿಸದ ಹೆಡ್‌ಫೋನ್ ಬೇಕು. ಹಂಸಲೇಖ ಅವರ ಹಾಡುಗಳಂತೆ ವಾದ್ಯಗಳು ತುಂಬಿ ಎಡಬಲಕ್ಕೆ ಹರಡಿಕೊಂಡಿದ್ದರೆ, ಅಗಲವಾಗಿ ಬಿಡಿಸಿ ತೋರಿಸುವ ಹೆಡ್‌ಫೋನಿನಲ್ಲಿ ಹಬ್ಬ.

ಮೂರನೆಯದು ತೂಕ. ಎಚ್‌ಡಿ 600, 650 ಎರಡೂ ಸುಮಾರು 260 ಗ್ರಾಂ. ಸುಂದರಾ 372 ಗ್ರಾಂ. ಆಡೀಜ್ ಎಲ್‌ಸಿಡಿ-ಎಕ್ಸ್ 600 ಗ್ರಾಂ ಮೀರುತ್ತದೆ. ಅರ್ಧ ಕೆಜಿ ಸಕ್ಕರೆ ಪ್ಯಾಕೆಟ್ ತಲೆ ಮೇಲೆ ಇಟ್ಟುಕೊಂಡು ಒಂದು ವಿಲಂಬಿತ್ ಖಯಾಲ್ ಪೂರ್ತಿ ಕೇಳಿ ನೋಡಿ, ಗೊತ್ತಾಗುತ್ತದೆ. ಕುತ್ತಿಗೆ ನೋವು ಇರುವವರು, ವಯಸ್ಸಾದವರು ಇದನ್ನು ಸದ್ದಿನ ಗುಣದಷ್ಟೇ ಮುಖ್ಯ ಅಂತ ಎಣಿಸಬೇಕು.

ನಾಲ್ಕನೆಯದು ರಿಪೇರಿ. ಪ್ಯಾಡ್ ಸಿಗುತ್ತಾ? ವೈರ್ ಬಿಚ್ಚಿ ಬದಲಿಸಬಹುದಾ? ನಮ್ಮ ಬೆವರಿಗೆ ರೆಕ್ಸಿನ್ ಪ್ಯಾಡ್ ಒಂದೆರಡು ವರ್ಷಕ್ಕೆ ಪದರ ಕಿತ್ತು ಕಿವಿಗೆಲ್ಲ ಕರಿ ಚೂರು ಅಂಟುತ್ತದೆ. ಬಟ್ಟೆಯ ಪ್ಯಾಡ್ ತಂಪು, ಆದರೆ ಎಣ್ಣೆ ಹೀರುತ್ತದೆ, ತೊಳೆಯಬೇಕು. ಪ್ಯಾಡ್ ಸವೆದು ಚಪ್ಪಟೆಯಾದರೆ ಸದ್ದೂ ಬದಲಾಗುತ್ತದೆ. ಹಾಗಾಗಿ ಪ್ಯಾಡ್ ಸಿಗದ ಹೆಡ್‌ಫೋನಿಗೆ ನಾನು ಕೈ ಹಾಕುವುದಿಲ್ಲ.

ಓಮ್ ನೋಡಿ ಹೆದರಬೇಡಿ, ಲೆಕ್ಕ ಹಾಕಿ

ಆಂಪ್ ಅಂದರೆ ಆಂಪ್ಲಿಫೈಯರ್, ಹೆಡ್‌ಫೋನಿಗೆ ಶಕ್ತಿ ಕೊಡುವ ಸಾಧನ. ಅದು ಬೇಕಾ ಬೇಡವಾ ಅನ್ನುವ ಪ್ರಶ್ನೆಯಲ್ಲಿ ಜನ ಎಡವುವುದು ಇಲ್ಲೇ. "300 ಓಮ್ ಅಂತೆ, ಭಾರೀ ಆಂಪ್ ಬೇಕಂತೆ", "32 ಓಮ್ ಅಲ್ವಾ, ಫೋನಿಗೆ ಸಾಕು" ಅಂತ ಮಾತಾಡುತ್ತಾರೆ. ಓಮ್ ಒಂದೇ ನೋಡಿದರೆ ಎರಡೂ ತಪ್ಪಾಗಬಹುದು.

ಹೆಡ್‌ಫೋನನ್ನು ನೀರಿನ ಪೈಪಿಗೆ ಹೋಲಿಸಿ. ಓಮ್ ಅಂದರೆ ಪೈಪ್ ಎಷ್ಟು ಕಿರಿದು ಅಂತ. ವೋಲ್ಟ್ ಅಂದರೆ ಟ್ಯಾಂಕಿನ ಎತ್ತರ. ಕರೆಂಟ್ ಅಂದರೆ ಹರಿಯುವ ನೀರು. 300 ಓಮ್ ಹೆಡ್‌ಫೋನಿಗೆ ಒತ್ತಡ ಜಾಸ್ತಿ ಬೇಕು, ನೀರು ಕಮ್ಮಿ ಸಾಕು. 18 ಓಮ್‌ನದಕ್ಕೆ ಒತ್ತಡ ಕಮ್ಮಿ ಸಾಕು, ನೀರು ಸುರಿಯಬೇಕು. ಇದರ ಜೊತೆಗೆ ಇನ್ನೊಂದು ಅಂಕಿ ಇದೆ, ಸೆನ್ಸಿಟಿವಿಟಿ. ಕೊಟ್ಟ ಶಕ್ತಿಗೆ ಎಷ್ಟು ಸದ್ದು ಬರುತ್ತದೆ ಅನ್ನುವುದು. ಇದನ್ನು ಕೆಲವು ಕಂಪನಿ 1 ಮಿಲಿವ್ಯಾಟ್‌ಗೆ ಇಷ್ಟು ಡೆಸಿಬೆಲ್ ಅಂತ ಕೊಡುತ್ತವೆ, ಕೆಲವು 1 ವೋಲ್ಟಿಗೆ ಇಷ್ಟು ಅಂತ. ಎರಡನ್ನೂ ಪಕ್ಕಪಕ್ಕ ಇಟ್ಟು ನೇರವಾಗಿ ಹೋಲಿಸಬೇಡಿ.

ನಾವು ಮನೆಯಲ್ಲಿ ಕೇಳುವುದು ಸರಾಸರಿ 75 ಡೆಸಿಬೆಲ್ ಆಸುಪಾಸು. ಆದರೆ ಸಂಗೀತ ಒಂದೇ ಮಟ್ಟದಲ್ಲಿ ಇರಲ್ಲ. ತಬಲಾ ಒಂದು ಥಾಪ್ ಬಿದ್ದಾಗ ಕ್ಷಣಮಾತ್ರ ಸದ್ದು ಬಹಳ ಮೇಲೆ ಹಾರುತ್ತದೆ. ಆ ಕ್ಷಣಕ್ಕೆ 110 ಡೆಸಿಬೆಲ್ ಮುಟ್ಟುವ ತಾಕತ್ತು ಇದ್ದರೆ ಸಾಕು ಅಂತ ಇಟ್ಟುಕೊಳ್ಳೋಣ. ಪ್ರತಿ 10 ಡೆಸಿಬೆಲ್ ಏರಲು ಹತ್ತು ಪಟ್ಟು ಶಕ್ತಿ ಬೇಕು. ಈಗ ಕಂಪನಿಗಳೇ ಕೊಟ್ಟ ಅಂಕಿಗಳಿಂದ ಲೆಕ್ಕ ನೋಡಿ.

ಎಚ್‌ಡಿ 650, 300 ಓಮ್, 1 ವೋಲ್ಟಿಗೆ 103 ಡೆಸಿಬೆಲ್. 110 ಮುಟ್ಟಲು ಸುಮಾರು 2.2 ವೋಲ್ಟ್ ಬೇಕು, ಕರೆಂಟ್ ಬರೀ 7 ಮಿಲಿಆಂಪಿಯರ್ ಚಿಲ್ಲರೆ. ಸುಂದರಾ 37 ಓಮ್, 1 ಮಿಲಿವ್ಯಾಟ್‌ಗೆ 94 ಡೆಸಿಬೆಲ್. ಅದಕ್ಕೆ 1.2 ವೋಲ್ಟ್ ಸಾಕು, ಆದರೆ ಕರೆಂಟ್ 33 ಮಿಲಿಆಂಪಿಯರ್. ಅದೇ ಮನೆತನದ ಎಡಿಶನ್ ಎಕ್ಸ್‌ಎಸ್ 18 ಓಮ್, 92 ಡೆಸಿಬೆಲ್. ಅದು 59 ಮಿಲಿಆಂಪಿಯರ್ ಕೇಳುತ್ತದೆ. ಅಂದರೆ ಓಮ್ ಕಮ್ಮಿ ಇರುವುದೇ ಕರೆಂಟನ್ನು ಜಾಸ್ತಿ ಕುಡಿಯುತ್ತಿದೆ.

ಆಡೀಜ್ ಎಲ್‌ಸಿಡಿ-ಎಕ್ಸ್ ನೋಡಿದರೆ ಆಶ್ಚರ್ಯ ಆಗುತ್ತದೆ. 20 ಓಮ್, 1 ಮಿಲಿವ್ಯಾಟ್‌ಗೆ 103 ಡೆಸಿಬೆಲ್. ಅದಕ್ಕೆ 5 ಮಿಲಿವ್ಯಾಟ್ ಸಾಕು. ಲಕ್ಷದ ಮೇಲಿನ ಹೆಡ್‌ಫೋನು ಫೋನಿಗೆ ಚುಚ್ಚುವ ಸಣ್ಣ ಡಾಂಗಲ್‌ಗೇ ಒಲಿಯುತ್ತದೆ. ಇನ್ನೊಂದು ತುದಿಯಲ್ಲಿ ಹೈಫೈಮ್ಯಾನ್ ಸುಸ್ವರಾ ಇದೆ. 60 ಓಮ್, 83 ಡೆಸಿಬೆಲ್. ಅದಕ್ಕೆ ಅರ್ಧ ವ್ಯಾಟ್ ಬೇಕು, ಅಂದರೆ ಎಲ್‌ಸಿಡಿ-ಎಕ್ಸ್‌ನ ನೂರು ಪಟ್ಟು. ಬೆಲೆಗೂ ಆಂಪಿಗೂ ಸಂಬಂಧ ಇಲ್ಲ, ನೋಡಿದ್ರಾ?

ನಾನು ಈ ಲೆಕ್ಕ ಕಲಿತದ್ದು ತಡವಾಗಿ. ಕೆಲವು ವರ್ಷದ ಹಿಂದೆ ಮೊದಲು ಪ್ಲೇಯರ್ ಕೊಂಡೆ. ಕೈಯಲ್ಲಿ ಹಿಡಿದರೆ ಭಾರ, ಲೋಹದ ಮೈ, ತುಂಬಾ ಇಷ್ಟಪಟ್ಟೆ. ಆಮೇಲೆ ಅದಕ್ಕೆ ತಕ್ಕದ್ದು ಅಂತ ಸೆಕೆಂಡ್ ಹ್ಯಾಂಡ್‌ನಲ್ಲಿ ಸೆನ್ಸಿಟಿವಿಟಿ ಬಹಳ ಕಮ್ಮಿ ಇರುವ ಒಂದು ಹೆಡ್‌ಫೋನ್ ತಂದೆ. ಹೈ ಗೇನ್‌ಗೆ, ಅಂದರೆ ಸದ್ದನ್ನು ಜಾಸ್ತಿ ಎತ್ತುವ ಸೆಟ್ಟಿಂಗ್‌ಗೆ ಹಾಕಿ ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಸದ್ದು ಸಾಧಾರಣ. ತಬಲಾದ ಡಗ್ಗಾ ಗುಮ್ ಅನ್ನಬೇಕಾದ ಕಡೆ ಒಣ ಸೌದೆ ಬಡಿದ ಹಾಗೆ ಟಪ್ ಅಂತಿತ್ತು. ಹಾಡುಗಾರರು ತಾರಸ್ಥಾಯಿ ಮುಟ್ಟಿದಾಗ ದನಿ ಒಡೆಯುತ್ತಿತ್ತು. ಎಂಟು ತಿಂಗಳು ಹೆಡ್‌ಫೋನನ್ನೇ ಬೈದುಕೊಂಡಿದ್ದೆ. ಗೆಳೆಯರೊಬ್ಬರು ತಮ್ಮ ಟೇಬಲ್ ಆಂಪಿಗೆ ಚುಚ್ಚಿ ತೋರಿಸಿದ ದಿನ ಗೊತ್ತಾಯಿತು, ಅದರ ತಪ್ಪೇನೂ ಇರಲಿಲ್ಲ ಅಂತ. ಆ ಎಂಟು ತಿಂಗಳು ನಿಮಗೆ ಬೇಡ ಅಂತಲೇ ಇಷ್ಟು ಲೆಕ್ಕ ಬರೆದೆ.

ಇನ್ನೊಂದು ಅಂಕಿ ಇದೆ, ಆಂಪಿನ ಔಟ್‌ಪುಟ್ ಇಂಪಿಡೆನ್ಸ್. ಆಂಪಿನೊಳಗೇ ಇರುವ ತಡೆ ಇದು, ಅದನ್ನೂ ಓಮ್‌ನಲ್ಲೇ ಹೇಳುತ್ತಾರೆ. ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಅದು ಕಮ್ಮಿ ಇರಲಿ. 32 ಓಮ್ ಹೆಡ್‌ಫೋನಿಗೆ 4 ಓಮ್ ಒಳಗೆ. ಈಗಿನ ಡಾಂಗಲ್, ಪ್ಲೇಯರ್‌ಗಳಲ್ಲಿ ಇದು ಸಾಮಾನ್ಯವಾಗಿ 1–2 ಓಮ್ ಒಳಗೇ ಇರುತ್ತದೆ, ಚಿಂತೆ ಇಲ್ಲ. ಗಾಜಿನ ಬುರುಡೆಯ ವಾಲ್ವ್ ಆಂಪ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದ ಬಗೆಯವು ಇವೆ, ಅವುಗಳಲ್ಲಿ ಕೆಲವದು 100 ಓಮ್ ದಾಟುತ್ತದೆ. ಎಚ್‌ಡಿ 600, 650ಕ್ಕೆ ಅದು ಕೆಟ್ಟದ್ದಲ್ಲ. ಕೆಳ ಸ್ವರ ಒಂದು ಡೆಸಿಬೆಲ್‌ನಷ್ಟು ಏರಿ ಮೈತುಂಬಿದ ಹಾಗೆ ಕೇಳುತ್ತದೆ, ಬಹಳ ಜನ ಅದನ್ನೇ ಇಷ್ಟಪಡುತ್ತಾರೆ. ಅದೇ ಆಂಪಿಗೆ ಎಡಿಶನ್ ಎಕ್ಸ್‌ಎಸ್ ಹಾಕಿದರೆ ಶಕ್ತಿಯೆಲ್ಲ ಆಂಪಿನೊಳಗೇ ಕರಗುತ್ತದೆ. ಕಿವಿಯೊಳಗೆ ಕೂರುವ ಇಯರ್‌ಫೋನ್ ಹಾಕಿದರೆ ಸ್ವರಗಳ ಸಮತೋಲನವೇ ಏರುಪೇರು.

ಎಲ್ಲಿಂದ ನುಡಿಸುವುದು

ಫೋನ್ ಜೊತೆ ಡಾಂಗಲ್. ಬೆರಳುದ್ದದ ಸಾಧನ, ಫೋನಿನ ಚಾರ್ಜಿಂಗ್ ಪಿನ್‌ಗೆ ಹಾಕುವುದು. ಬ್ಯಾಟರಿ ಇಲ್ಲ, ಹಾಗಾಗಿ ಹಾಳಾಗುವುದೂ ಕಮ್ಮಿ. ತೀರಾ ಅಗ್ಗದ್ದು 1 ವೋಲ್ಟ್ ಕೊಡುತ್ತದೆ. ಸ್ವಲ್ಪ ಒಳ್ಳೆಯವು 3.5 ಎಂಎಂ ಜ್ಯಾಕ್‌ನಲ್ಲಿ 2 ವೋಲ್ಟ್, 4.4 ಎಂಎಂ ಬ್ಯಾಲೆನ್ಸ್ಡ್ ಜ್ಯಾಕ್‌ನಲ್ಲಿ 4 ವೋಲ್ಟ್ ಕೊಡುತ್ತವೆ. ಎಚ್‌ಡಿ 650ಕ್ಕೆ ಬೇಕಾದದ್ದು 2.2. ಅಂದರೆ ಬ್ಯಾಲೆನ್ಸ್ಡ್ ಜ್ಯಾಕ್ ಇರುವ ಒಂದು ಡಾಂಗಲ್ ಆರಾಮಾಗಿ ಸಾಕು. ಬ್ಯಾಲೆನ್ಸ್ಡ್ ಅನ್ನುವ ಪದದಲ್ಲಿ ಮಾಯ ಏನೂ ಇಲ್ಲ. ಎರಡು ಕಡೆಯಿಂದ ತಳ್ಳುವುದರಿಂದ ವೋಲ್ಟೇಜ್ ದುಪ್ಪಟ್ಟು, ಅಷ್ಟೇ. ಕಷ್ಟ ಅಂದರೆ, ಫೋನಿನ ಚಾರ್ಜ್ ಬೇಗ ಇಳಿಯುತ್ತದೆ. ಕೇಳುತ್ತಿರುವಾಗಲೇ ಗ್ಯಾಸ್ ಬುಕಿಂಗ್ ಮೆಸೇಜ್ ಟಣ್ ಅನ್ನುತ್ತದೆ. ಕೆಲವು ಡಾಂಗಲ್‌ಗಳು ಆಂಡ್ರಾಯ್ಡ್ ಫೋನಿನಲ್ಲಿ ಪೂರ್ತಿ ಸದ್ದು ಕೊಡುವುದಿಲ್ಲ, ಕೊಳ್ಳುವ ಮುಂಚೆ ನಿಮ್ಮ ಫೋನಿನಲ್ಲೇ ನೋಡಿ.

ಬ್ಲೂಟೂತ್ ಬಗ್ಗೆ ಎರಡೇ ಮಾತು. ಸಿ.ಡಿ. ಗುಣಮಟ್ಟಕ್ಕೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಒಳ್ಳೆಯ ಬ್ಲೂಟೂತ್ ಪದ್ಧತಿಗಳಲ್ಲಿ ಒಂದಾದ ಎಲ್‌ಡ್ಯಾಕ್ ಹೆಚ್ಚೆಂದರೆ 990 ಕೊಡುತ್ತದೆ. ಕೆರೆ ದಂಡೆ ಮೇಲೆ ನಡೆಯುತ್ತಾ ಕೇಳಲು ಅದು ಧಾರಾಳ. ಮನೆಯಲ್ಲಿ ಕೂತು ಕೇಳಲು ಇಷ್ಟು ಖರ್ಚು ಮಾಡುವವರು ವೈರ್ ಬಳಸಲಿ.

ಪ್ಲೇಯರ್. ಸೋನಿ ವಾಕ್‌ಮನ್, ಫಿಯೋ, ಐಬಾಸೊ, ಆಸ್ಟೆಲ್ ಅಂಡ್ ಕರ್ನ್ ಹೀಗೆ ಹಲವು. ಇದರ ನಿಜವಾದ ಲಾಭ ಸದ್ದಿಗಿಂತ ಜಾಸ್ತಿ ಮನಸ್ಸಿನದು. ಕರೆ ಬರುವುದಿಲ್ಲ, ವಾಟ್ಸಾಪ್ ಇಣುಕುವುದಿಲ್ಲ, ಮೆಮೊರಿ ಕಾರ್ಡಿನಲ್ಲಿ ನಿಮ್ಮ ಹಾಡೆಲ್ಲ ಇರುತ್ತದೆ. ರೈಲು ಚಿಕ್ಕಜಾಜೂರು ದಾಟಿ ನೆಟ್‌ವರ್ಕ್ ಅಲ್ಲಲ್ಲಿ ಕೈಕೊಟ್ಟರೂ ರಾಗ ನಡುವೆ ನಿಲ್ಲುವುದಿಲ್ಲ. ಆದರೆ ಶಕ್ತಿಯ ಅಂಕಿ ನೋಡಿಯೇ ತಗೊಳ್ಳಿ. ಸೋನಿ ಝಡ್‌ಎಕ್ಸ್ 707ರಲ್ಲಿ ಸಾದಾ ಜ್ಯಾಕ್‌ಗೆ 50 ಮಿಲಿವ್ಯಾಟ್, ಬ್ಯಾಲೆನ್ಸ್ಡ್‌ಗೆ 230, ಎರಡೂ 16 ಓಮ್ ಲೆಕ್ಕದಲ್ಲಿ. ವೋಲ್ಟಿಗೆ ತಿರುಗಿಸಿದರೆ ಬ್ಯಾಲೆನ್ಸ್ಡ್‌ನಲ್ಲೇ 1.9ರ ಹತ್ತಿರ ಬರುತ್ತದೆ. ಎಚ್‌ಡಿ 650ಕ್ಕೆ ಅಂಚಿನಲ್ಲಿ ನಿಲ್ಲುತ್ತದೆ, ಇಯರ್‌ಫೋನಿಗೆ ಬೇಕಾದಷ್ಟಾಯಿತು. ಪ್ಲೇಯರ್‌ನ ಇನ್ನೊಂದು ಮುಖ ಬ್ಯಾಟರಿ. ಲಿಥಿಯಂ ಬ್ಯಾಟರಿಗೆ ಬಿಸಿಲು ಆಗಿಬರಲ್ಲ. ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟು ಹೋಗಬೇಡಿ, ದಿನಪೂರ್ತಿ ಚಾರ್ಜರಿಗೆ ಸಿಕ್ಕಿಸಿಡಬೇಡಿ. ಹೇಗೆ ನೋಡಿಕೊಂಡರೂ ಕೆಲವು ವರ್ಷಕ್ಕೆ ಬ್ಯಾಟರಿ ಸೋಲುತ್ತದೆ, ಒಳಗಿನ ಆಂಡ್ರಾಯ್ಡ್ ಹಳತಾಗುತ್ತದೆ. ಹೆಡ್‌ಫೋನ್ ಇಪ್ಪತ್ತು ವರ್ಷ ಬಾಳುತ್ತದೆ, ಪ್ಲೇಯರ್ ಬಾಳುವುದಿಲ್ಲ. ಅದಕ್ಕೇ ದುಡ್ಡಿನ ದೊಡ್ಡ ಪಾಲು ಹೆಡ್‌ಫೋನಿಗೆ ಹೋಗಲಿ ಅನ್ನುವುದು.

ಕೈಯಲ್ಲಿ ಹಿಡಿಯುವ ಡ್ಯಾಕ್-ಆಂಪ್. ಡ್ಯಾಕ್ ಅಂದರೆ ಹಾಡಿನ ಡಿಜಿಟಲ್ ಅಂಕಿಗಳನ್ನು ಸದ್ದಿನ ಸಿಗ್ನಲ್ ಆಗಿ ತಿರುಗಿಸುವ ಭಾಗ. ಇದರಲ್ಲಿ ಪರದೆ ಇಲ್ಲ, ಹಾಡು ಇಲ್ಲ. ಫೋನಿಗೋ ಲ್ಯಾಪ್‌ಟಾಪಿಗೋ ಜೋಡಿಸಬೇಕು, ಶಕ್ತಿ ಇದರದ್ದು. 2022ರಲ್ಲಿ ಬಂದ ಕಾರ್ಡ್ ಕಂಪನಿಯ ಮೋಜೋ 2 ಇದಕ್ಕೆ ಒಳ್ಳೆಯ ಉದಾಹರಣೆ. 300 ಓಮ್‌ಗೆ 90 ಮಿಲಿವ್ಯಾಟ್, 30 ಓಮ್‌ಗೆ 600 ಮಿಲಿವ್ಯಾಟ್ ಕೊಡುತ್ತದೆ. ಮೇಲೆ ಹೇಳಿದ ಎಚ್‌ಡಿ 650, ಸುಂದರಾ, ಎಡಿಶನ್ ಎಕ್ಸ್‌ಎಸ್ ಮೂರನ್ನೂ ಧಾರಾಳವಾಗಿ ನಡೆಸುತ್ತದೆ. ಜೇಬಿನಲ್ಲಿ ಫೋನ್ ಜೊತೆ ಇನ್ನೊಂದು ಇಟ್ಟಿಗೆ ಹೊತ್ತಂತೆ ಆಗುತ್ತದೆ ನಿಜ. ಆದರೆ ಮನೆಯಲ್ಲೇ ಒಂದು ಕುರ್ಚಿಯಿಂದ ಇನ್ನೊಂದಕ್ಕೆ, ಟೆರೇಸಿಗೆ, ಹಳ್ಳಿ ಮನೆಗೆ ಒಯ್ಯಲು ಇದರಷ್ಟು ಹದವಾದದ್ದು ಇಲ್ಲ.

ಟೇಬಲ್ ಆಂಪ್. ರೂಪಾಯಿಗೆ ಅತಿ ಹೆಚ್ಚು ಶಕ್ತಿ ಸಿಗುವುದು ಇಲ್ಲೇ. ಟಾಪಿಂಗ್, ಷಿಟ್, ಜೆಡಿಎಸ್ ಇಂಥ ಕಂಪನಿಗಳ ಸಣ್ಣ ಡಬ್ಬಗಳೇ 32 ಓಮ್‌ಗೆ 1 ವ್ಯಾಟ್ ಆಸುಪಾಸು ಅಥವಾ ಅದಕ್ಕೂ ಮೇಲೆ ಕೊಡುತ್ತವೆ. ಆದರೆ ನಮ್ಮ ಊರಿನ ಕರೆಂಟ್ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಲೇಬೇಕು.

ನನ್ನದು ಹಳೆಯ ಮನೆ. ಆಂಪ್ ತಂದು ಹಾಕಿದ ಮೊದಲ ರಾತ್ರಿ ಹಾಡಿನ ಹಿಂದೆ ಗುಂಯ್ ಅಂತ ಒಂದೇ ಶ್ರುತಿ. ಆಂಪಿನ ಲೋಹದ ಮೈ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತಿತ್ತು. ಬಾಕ್ಸಿಗೆ ಹಾಕಿ ವಾಪಸ್ ಕಳಿಸಲು ಹೊರಟಿದ್ದೆ. ಎಲೆಕ್ಟ್ರಿಶಿಯನ್ ಬಂದು ಮೂರು ಪಿನ್‌ನ ಪ್ಲಗ್ ಬಿಚ್ಚಿ ತೋರಿಸಿದರು, ಅರ್ಥ್ ತಂತಿಯೇ ಇಲ್ಲ. ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿ ಅರ್ಥಿಂಗ್ ಮಾಡಿಸಿದ ಮೇಲೆ ಆ ಗುಂಯ್ ಹೋಯಿತು. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ನಡೆಸಿದರೂ ಇಂಥದ್ದೇ ಕಿರಿಕಿರಿ ಬರಬಹುದು. ಅದೇ ಇನ್ವರ್ಟರ್ ಮೇಲೆ ಫ್ಯಾನ್ ಕೂಡ ಗುನುಗುವುದನ್ನು ಕೇಳಿರುತ್ತೀರಿ. ಸೈನ್ ವೇವ್ ಇನ್ವರ್ಟರ್ ಇದ್ದರೆ ಈ ಗೋಳಿಲ್ಲ. ಬಾಡಿಗೆ ಮನೆಯಲ್ಲಿರುವವರು, ಅರ್ಥಿಂಗ್ ಮಾಡಿಸಲು ಆಗದವರು ಬ್ಯಾಟರಿಯಲ್ಲಿ ನಡೆಯುವ ಡ್ಯಾಕ್-ಆಂಪ್‌ಗೇ ಹೋಗಿ. ಗೋಡೆಯ ಕರೆಂಟಿನ ಕೊಳೆ ಅದನ್ನು ಮುಟ್ಟುವುದಿಲ್ಲ.

ಇನ್ನು ಆಂಪಿನಿಂದ ಆಂಪಿಗೆ ದನಿ ಎಷ್ಟು ಬದಲಾಗುತ್ತದೆ ಅಂದರೆ, ನನ್ನ ಕಿವಿಯ ಮಟ್ಟಿಗೆ ಬಹಳ ಸ್ವಲ್ಪ. ಶಕ್ತಿ ಸಾಕಷ್ಟಿದ್ದು, ಔಟ್‌ಪುಟ್ ಇಂಪಿಡೆನ್ಸ್ ಕಮ್ಮಿ ಇದ್ದು, ಹಿಂದೆ ಸುಯ್ ಸದ್ದು ಇಲ್ಲದಿದ್ದರೆ ಆಂಪಿನ ಕೆಲಸ ಮುಗಿಯಿತು. ಹೆಡ್‌ಫೋನಿನಿಂದ ಹೆಡ್‌ಫೋನಿಗೆ ಮಾತ್ರ ಅಜಗಜಾಂತರ.

ಮೂವರಿಗೆ ಹೇಳಿದ್ದು

ಮೇಷ್ಟ್ರಿಗೆ ಮಗ ತೋರಿಸಿದ್ದು ಸೆನ್‌ಹೈಸರ್ ಎಚ್‌ಡಿ 800 ಎಸ್. ಅದ್ಭುತ ಹೆಡ್‌ಫೋನ್, ಅನುಮಾನ ಇಲ್ಲ. ಸದ್ದನ್ನು ಅದರಷ್ಟು ಅಗಲಕ್ಕೆ ಹರಡುವುದು ಅಪರೂಪ. ಆದರೆ ಮೇಷ್ಟ್ರ ಹತ್ತಿರ ಇರುವುದರಲ್ಲಿ ಮುಕ್ಕಾಲು ಪಾಲು ಮೋನೋ. ನಡುವೆ ಒಬ್ಬರೇ ಕೂತು ಹಾಡುವಾಗ ಅಗಲ ತಗೊಂಡು ಏನು ಮಾಡುವುದು? ಮೇಲಾಗಿ ಅದು ಮೇಲಿನ ಸ್ವರವನ್ನು ಚುರುಕಾಗಿ ತೋರಿಸುತ್ತದೆ, ಟೇಪಿನ ಸುಯ್ ಕೂಡ ಅಷ್ಟೇ ಚುರುಕಾಗಿ ಬರುತ್ತದೆ. ಅವರಿಗೆ ಎಚ್‌ಡಿ 600 ಅಥವಾ 650 ಅಂದೆ. ನಮ್ಮ ದಾವಣಗೆರೆ ಜಿಲ್ಲೆಯಾದ 1997ರಲ್ಲೇ ಎಚ್‌ಡಿ 600 ಬಂದದ್ದು. ಇವತ್ತಿಗೂ ತಯಾರಾಗುತ್ತಿದೆ. ಪ್ಯಾಡ್, ವೈರ್, ತಲೆಪಟ್ಟಿಯ ಮೆತ್ತೆ ಎಲ್ಲ ಬಿಡಿಯಾಗಿ ಸಿಗುತ್ತವೆ, ಮನೆಯಲ್ಲೇ ಬಿಚ್ಚಿ ಹಾಕಬಹುದು. ಮನುಷ್ಯರ ಕಂಠಕ್ಕೆ ಈ ಬೆಲೆಯಲ್ಲಿ ಇದನ್ನು ಮೀರಿಸಿದ್ದನ್ನು ನಾನು ಕೇಳಿಲ್ಲ. ಕೆಳ ಸ್ವರ ತೀರಾ ಆಳಕ್ಕೆ ಇಳಿಯುವುದಿಲ್ಲ, ಹೊಸದಾಗಿದ್ದಾಗ ತಲೆ ಸ್ವಲ್ಪ ಹಿಡಿಯುತ್ತದೆ. 650 ಸ್ವಲ್ಪ ಮೆತ್ತಗೆ, 600 ಸ್ವಲ್ಪ ನೇರ. ಸುಯ್ ಸದ್ದು ಜಾಸ್ತಿ ಇರುವ ಸಂಗ್ರಹಕ್ಕೆ 650 ವಾಸಿ. ಮನೆಯಲ್ಲಿ ಅರ್ಥಿಂಗ್ ಸರಿಯಿದೆ, ಹಾಲಿನಲ್ಲೇ ಕೂರುತ್ತಾರೆ. ಹಾಗಾಗಿ ದೊಡ್ಡ ವಾಲ್ಯೂಮ್ ಗುಬುಟು ಇರುವ ಸಣ್ಣ ಟೇಬಲ್ ಆಂಪ್. ವಯಸ್ಸಾದ ಬೆರಳಿಗೆ ಪರದೆ ಒರೆಸುವುದಕ್ಕಿಂತ ಗುಬುಟು ತಿರುಗಿಸುವುದು ಸುಲಭ ಅಲ್ವಾ? ಹೊರದೇಶದಿಂದ ತರಿಸುವುದು ಬೇಡ ಅಂತಲೂ ಹೇಳಿದೆ. ಅಲ್ಲಿ ಕೊಂಡ ಮಾಲಿಗೆ ಇಲ್ಲಿ ವಾರಂಟಿ ನಡೆಯುತ್ತದೆ ಅನ್ನುವ ಭರವಸೆ ಇಲ್ಲ.

ಚಿತ್ರದುರ್ಗದ ಹುಡುಗನ ಲೆಕ್ಕ ಬೇರೆ. ಅವನು ಹಾಡೂ ಕೇಳುತ್ತಾನೆ, ಸಿನಿಮಾನೂ ನೋಡುತ್ತಾನೆ, ಕೆಳ ಸ್ವರ ಇಷ್ಟ. ಕೋಟೆ ತಪ್ಪಲಿನ ಓಣಿಯಲ್ಲಿ ಮಹಡಿ ಮೇಲಿನ ಕೋಣೆ, ರಾತ್ರಿ ಒಳ್ಳೆ ಗಾಳಿ, ಫ್ಯಾನ್ ಇಲ್ಲದೆಯೂ ನಡೆಯುತ್ತದೆ. ಓಪನ್ ಬ್ಯಾಕ್‌ಗೆ ಅವನೇ ಸರಿಯಾದ ಗಿರಾಕಿ. ಸುಂದರಾದ ಕೆಳ ಸ್ವರ ಎಚ್‌ಡಿ 650ಕ್ಕಿಂತ ಆಳಕ್ಕೆ ಇಳಿಯುತ್ತದೆ, ವಾದ್ಯಗಳು ಬಿಡಿಬಿಡಿಯಾಗಿ ಕೇಳುತ್ತವೆ. ಕಂಠದ ಹಿತ ಎಚ್‌ಡಿ 650ರಲ್ಲೇ ಜಾಸ್ತಿ. "ನಿನ್ನ ಪಟ್ಟಿಯಲ್ಲಿ ಹಾಡುಗಾರರು ಜಾಸ್ತಿಯೋ, ಮ್ಯೂಸಿಕ್ ಜಾಸ್ತಿಯೋ ಎಣಿಸಪ್ಪ" ಅಂದೆ. ಎಣಿಸಿ, ಮ್ಯೂಸಿಕ್ ಅಂದ. ಹಾಗಿದ್ದರೆ ಸುಂದರಾ, ಜೊತೆಗೆ 4.4 ಎಂಎಂ ಜ್ಯಾಕ್ ಇರುವ ಗಟ್ಟಿ ಡಾಂಗಲ್. ಡಾಂಗಲ್ ಕೊಳ್ಳುವಾಗ 32 ಓಮ್‌ಗೆ ಎಷ್ಟು ಮಿಲಿವ್ಯಾಟ್ ಅಂತ ನೋಡಬೇಕು, 100 ದಾಟಿದರೆ ಸಾಕು. ಪ್ಲೇಯರ್ ಸದ್ಯಕ್ಕೆ ಬೇಡ. ಅವನ ಬಜೆಟ್ಟಿನಲ್ಲಿ ಪ್ಲೇಯರ್ ಬಂದರೆ ಹೆಡ್‌ಫೋನಿನ ಪಾಲು ಅರ್ಧಕ್ಕೆ ಇಳಿಯುತ್ತದೆ. ಮುಂದೆ ಎಡಿಶನ್ ಎಕ್ಸ್‌ಎಸ್ ಕಡೆಗೆ ಹೋಗುವ ಆಸೆ ಬಂದರೆ ಆಗ ಟೇಬಲ್ ಆಂಪ್ ನೋಡಬಹುದು.

ಸಾಹುಕಾರರಿಗೆ ಹೇಳಿದ್ದು ಅವರಿಗೆ ಮೊದಲು ರುಚಿಸಲಿಲ್ಲ. ದೊಡ್ಡ ಹೆಡ್‌ಫೋನ್ ಬೇಡವೇ ಬೇಡ ಅಂದೆ. ರೈಲಿನಲ್ಲಿ ಓಪನ್ ಬ್ಯಾಕ್ ಹಾಕುವಂತಿಲ್ಲ. ಮುಚ್ಚಿದ್ದು ಹಾಕಿದರೆ ಅರಸೀಕೆರೆ ಬರುವಷ್ಟರಲ್ಲಿ ಕಿವಿ ಒದ್ದೆ. ರೈಲಿಗೆ ಕಿವಿಯೊಳಗೆ ಕೂರುವ ಇಯರ್‌ಫೋನೇ ಸರಿ. ಸೆನ್‌ಹೈಸರ್ ಐಇ 600 ಅಥವಾ ಐಇ 900 ನೋಡಿ ಅಂದೆ. ಐಇ 600 ಇರುವುದು 18 ಓಮ್. ಅದಕ್ಕೆ 1 ವೋಲ್ಟಿಗೆ 118 ಡೆಸಿಬೆಲ್, ಅಂದರೆ 110 ಮುಟ್ಟಲು ಅರ್ಧ ವೋಲ್ಟೂ ಬೇಡ. ಸದ್ದು ತಡೆಯುವುದೇ ಮುಖ್ಯ ಆದರೆ ಎಟಿಮೋಟಿಕ್ ಇಆರ್4 ಇದೆ. ಕಿವಿಯೊಳಗೆ ಆಳಕ್ಕೆ ತೂರಬೇಕು, ಎಲ್ಲರಿಗೂ ಹಿಡಿಸುವುದಿಲ್ಲ. ಹಿಡಿಸಿದವರಿಗೆ ರೈಲು ಬೋಗಿಯ ಗದ್ದಲವೇ ಕೇಳುವುದಿಲ್ಲ.

ಇಂಥ ಇಯರ್‌ಫೋನ್‌ಗೆ ಶಕ್ತಿ ಜಾಸ್ತಿಯಾದರೂ ತೊಂದರೆ. ಟೇಬಲ್ ಆಂಪಿನ ಹೈ ಗೇನ್‌ಗೆ ಹಾಕಿದರೆ ಹಾಡು ಶುರುವಾಗುವ ಮುಂಚೆಯೇ ಸುಯ್ ಅನ್ನುತ್ತದೆ, ವಾಲ್ಯೂಮ್ ಕೂದಲೆಳೆಯಷ್ಟು ತಿರುಗಿಸಿದರೆ ಕಿವಿ ಕಿತ್ತುಹೋಗುತ್ತದೆ. ಇವರಿಗೆ ಮಧ್ಯಮ ಶಕ್ತಿಯ, ಹಿಂದಿನ ಸದ್ದು ಶಾಂತವಾಗಿರುವ ಪ್ಲೇಯರ್ ಬೇಕು. ಫೋನ್ ಇಡೀ ದಿನ ವ್ಯಾಪಾರಕ್ಕೆ ಬಡಿದುಕೊಳ್ಳುತ್ತಿರುತ್ತದೆ, ಅದರಲ್ಲಿ ಹಾಡು ಕೇಳುವುದು ಆಗದ ಮಾತು. ಮೂವರಲ್ಲಿ ಪ್ಲೇಯರ್ ನಿಜವಾಗಿ ಬೇಕಿದ್ದದ್ದು ಇವರೊಬ್ಬರಿಗೇ. ಹಾಗೆ ಕೂಡಿದರೂ ಒಂದೂವರೆ ಲಕ್ಷ ಪೂರ್ತಿ ಖರ್ಚಾಗದಂತೆ ಮುಗಿಸಬಹುದು ಅಂದಾಗ ಸ್ವಲ್ಪ ಮುಖ ಅರಳಿತು.

ಈ ಮೂವರ ಸಾಲಿಗೆ ಸೇರದವರೂ ಇದ್ದೀರಿ. ಮನೆಯಲ್ಲಿ ಗದ್ದಲ, ಆದರೆ ದೊಡ್ಡ ಹೆಡ್‌ಫೋನೇ ಬೇಕು ಅನ್ನುವವರು ಬೇಯರ್‌ಡೈನಾಮಿಕ್ ಡಿಟಿ 770 ಪ್ರೋ, 80 ಓಮ್‌ನದು ನೋಡಿ. ಮುಚ್ಚಿದ ಜಾತಿ, ಆದರೆ ಬಟ್ಟೆಯ ಪ್ಯಾಡ್ ಆದ್ದರಿಂದ ನಮ್ಮ ಸೆಕೆಗೆ ತಡೆಯುತ್ತದೆ. ವೈರ್ ಬಿಚ್ಚಲು ಬರುವುದಿಲ್ಲ, ಮೇಲಿನ ಸ್ವರ ಚೂಪು. ಇದು ಲಕ್ಷದ ಸಾಲಿನದ್ದಲ್ಲ, ಆದರೂ ಹೇಳುತ್ತೇನೆ. ಗದ್ದಲದ ಮನೆಯಲ್ಲಿ ಇದು ಎಚ್‌ಡಿ 800 ಎಸ್‌ಗಿಂತ ಹೆಚ್ಚು ಹಾಡು ಕೇಳಿಸುತ್ತದೆ. ಎಲ್‌ಸಿಡಿ-ಎಕ್ಸ್ ತಗೊಳ್ಳುವಷ್ಟು ದುಡ್ಡು ಇದ್ದು, ಕುತ್ತಿಗೆ ಗಟ್ಟಿ ಇದ್ದು, ಪಖಾವಾಜಿನ ಆಳ ಬೇಕು ಅನ್ನುವವರು ತಗೊಳ್ಳಿ, ಆಂಪಿಗೆ ಅಂತ ಬೇರೆ ದುಡ್ಡು ಸುರಿಯಬೇಡಿ.

ಕೊಳ್ಳುವ ದಿನ

ಈ ದರ್ಜೆಯ ಹೆಡ್‌ಫೋನ್ ನಮ್ಮ ಊರಲ್ಲಿ ಹಾಕಿ ನೋಡಲು ಸಿಗುವುದು ಕಷ್ಟ. ಬೆಂಗಳೂರಿಗೆ ಹೋಗುವ ಕೆಲಸ ಇದ್ದಾಗ ಅರ್ಧ ದಿನ ಇದಕ್ಕೂ ಇಟ್ಟುಕೊಳ್ಳಿ. ನಿಮ್ಮದೇ ಫೋನು, ನಿಮ್ಮದೇ ಐದು ಹಾಡು. ಅಂಗಡಿಯವರು ಹಾಕುವ ಹಾಡು ಯಾವ ಹೆಡ್‌ಫೋನಿನಲ್ಲೂ ಚೆನ್ನಾಗಿಯೇ ಕೇಳುತ್ತದೆ. ಎರಡನ್ನು ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇರಲಿ. ಜೋರಾಗಿದ್ದದ್ದು ಚೆನ್ನಾಗಿದೆ ಅಂತ ಕಿವಿ ತಪ್ಪು ತಿಳಿಯುತ್ತದೆ. ಒಂದನ್ನು ಅರ್ಧ ಗಂಟೆ ತಲೆ ಮೇಲೆ ಬಿಡಿ. ಕನ್ನಡಕ ಹಾಕುವವರು ಹಾಕಿಕೊಂಡೇ ನೋಡಿ, ಕಡ್ಡಿ ಒತ್ತುತ್ತದೆ.

ಆನ್‌ಲೈನಿನಲ್ಲಿ ತರಿಸಿದರೆ ವಾಪಸ್ ಮಾಡಲು ಎಷ್ಟು ದಿನ ಅಂತ ಮೊದಲೇ ಓದಿ. ಬಂದ ದಿನವೇ ಕೇಳಿ, ಮೋನೋ ಹಾಡು ಹಾಕಿ. ದನಿ ನಟ್ಟನಡುವೆ ನಿಲ್ಲದೆ ಒಂದು ಕಿವಿಗೆ ವಾಲಿದರೆ ಎಡಬಲ ತಿರುಗಿಸಿ ಹಾಕಿಕೊಳ್ಳಿ. ವಾಲುವುದೂ ತಿರುಗಿದರೆ ತಪ್ಪು ಹೆಡ್‌ಫೋನಿನದು, ಆಂಪಿನದು ಅಥವಾ ಆ ಧ್ವನಿಮುದ್ರಣದ್ದು, ತಿರುಗದಿದ್ದರೆ ನಿಮ್ಮ ಕಿವಿಯದು. ಎರಡನೇ ದಿನ ಫ್ಯಾನ್ ಹಾಕಿ ಕೇಳಿ, ಮೂರನೇ ದಿನ ಮನೆಯವರೆಲ್ಲ ಎದ್ದಿರುವ ಹೊತ್ತಿಗೆ ಕೇಳಿ. ಬಿಲ್ಲಿನ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ, ಬಿಲ್ಲಿನ ಶಾಯಿ ನಮ್ಮ ಸೆಕೆಗೆ ವರ್ಷದೊಳಗೆ ಮಾಯವಾಗುತ್ತದೆ. ಬಾಕ್ಸ್ ವಾರಂಟಿ ಮುಗಿಯುವವರೆಗೂ ಅಟ್ಟದ ಮೇಲಿರಲಿ.